ರಸಮಟ್ಟ

ಬಾಯಮ್ಮ, ಬಂದ ಕೂಡಲೇ ಹತ್ತಿ ಕೂರಬೇಡಿ.
ಸುತ್ತ ಒಂದು ಬಾರಿ ನಡೆಯಿರಿ.
ತೋಟ ಬೆಂಗ್ರೆಯ ಈ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಫೈಬರ್ ದೋಣಿ ಮಾಡಿದವ ನಾನು,
ಚಕ್ರ ಇರುವ ದೋಣಿ ಇದೇ ಮೊದಲು.
ಒಳಗೆ ಅಡುಗೆಕಟ್ಟೆ, ಮಂಚ,
ನಿಮ್ಮ ಪೊರ್ಬುಗಳ ಮೊಣಕಾಲಿಗಾಗಿ ತಗ್ಗಿನ ಮೆಟ್ಟಿಲು.
ಚಂದ ಉಂಟು. ಆದರೆ
ದಾರಿಯಲ್ಲಿ ಎಳೆಯುವುದು ಚಂದ ಅಲ್ಲ, ಕೊಂಡಿ.

ಕೊಂಡಿಯದ್ದೊಂದು ಕತೆ.
ನನ್ನ ಭಾವ ದೂಮಪ್ಪ ಒಮ್ಮೆ ಪಿನ್ನು ಹಾಕಲು ಮರೆತ.
ಎಂಟು ರೂಪಾಯಿಯ ಪಿನ್ನು ಮಾರಾಯ್ರೆ!
ಕೂಳೂರು ಸೇತುವೆಯ ಇಳಿಜಾರಿನಲ್ಲಿ
ನನ್ನದೇ ದೋಣಿ ನನ್ನದೇ ಜೀಪನ್ನು
ಓವರ್‌ಟೇಕ್ ಮಾಡಿ ಹೋಯಿತು,
ಹಾರ್ನು ಕೂಡ ಇಲ್ಲದೆ.
ಅದಕ್ಕೇ ಈ ಎರಡು ಸರಪಳಿ, ಕತ್ತರಿಯ ಹಾಗೆ ಅಡ್ಡಡ್ಡ.
ನೀವೇ ಹಾಕಿ, ನೀವೇ ಜಗ್ಗಿ ನೋಡಿ.
"ಹಾಕಿ ಆಯ್ತು" ಎಂದು ಯಾರು ಹೇಳಿದರೂ,
ಪೊರ್ಬುಗಳೇ ಹೇಳಿದರೂ,
ಇನ್ನೊಮ್ಮೆ ಜಗ್ಗಿ.

ಕುಚ್ಚಲಕ್ಕಿ, ನೀರಿನ ಕ್ಯಾನು, ಭಾರದ್ದೆಲ್ಲ
ಅಚ್ಚಿನ ಮೇಲೆ ಬರಲಿ, ತಳದಲ್ಲಿ ಇರಲಿ.
ಹಿಂದೆ ತುಂಬಿದಿರೋ, ಅರುವತ್ತು ದಾಟಿದ ಕೂಡಲೇ
ಬಾಲ ಆಡಿಸಲು ಶುರು,
ಬಲೆಯೆಲ್ಲ ಹಿಂದಕ್ಕೇ ರಾಶಿ ಹಾಕಿದ ದೋಣಿಯ ಹಾಗೆ.
ಆಗ ಬ್ರೇಕು ಒತ್ತಬೇಡಿ.
ಕಾಲು ತೆಗೆಯಿರಿ, ಸುಮ್ಮನಿರಿ.
ಸುಮ್ಮನಿರುವುದೂ ಒಂದು ಸಾಮಾನೇ,
ಹಂಪನಕಟ್ಟೆಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಿಂದಕ್ಕೆ ತೆಗೆಯುವಾಗ ಅದು ಸ್ಟೇರಿಂಗ್ ಅಲ್ಲ, ಚುಕ್ಕಾಣಿ.
ಬಾಲ ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಿರುಗಿಸಿ.
ಬೆಳಿಗ್ಗೆ ಆರಕ್ಕೆ ಪಣಂಬೂರಿನಲ್ಲಿ ಖಾಲಿ ಜಾಗ ನೋಡಿ ಕಲಿಯಿರಿ,
ಗಂಡ ಹೆಂಡತಿಯ ಜಗಳ ಕೇಳಲಿಕ್ಕೆ
ಕಾಗೆಗಳು ಮಾತ್ರ ಇರುತ್ತವೆ.

ಉಡುಪಿ ಕಡೆ ಹೊರಟರೆ ಪಡುಬಿದ್ರಿಯಲ್ಲಿ ನಿಲ್ಲಿ.
ಬನ್ಸ್‌ಗೆ ಹೇಳಿ ಬಂದು, ಅದು ಮೇಜಿಗೆ ಬರುವುದರೊಳಗೆ
ಚಕ್ರದ ನಟ್ಟು ಇನ್ನೊಮ್ಮೆ ಬಿಗಿಮಾಡಿ.
ಹೊಸ ನಟ್ಟು ಹೊಸ ಮದುಮಗನ ಹಾಗೆ,
ಸ್ವಲ್ಪ ದೂರ ಹೋದ ಮೇಲೇ ಸಡಿಲ ತಿಳಿಯುವುದು.

ಜಾಗ ಸಿಕ್ಕಿತೋ, ಮೊದಲು ಚಕ್ರಕ್ಕೆ ಅಡೆ.
ಕೊಂಡಿ ಬಿಚ್ಚುವುದು ಆಮೇಲೆ.
ಹಿಂದುಮುಂದಾದರೆ ಮನೆ ನಿಮ್ಮನ್ನು ಬಿಟ್ಟು
ಒಂದೇ ಸಮುದ್ರ ನೋಡಲು ಹೋದೀತು.
ಅಡಿಗೆ ಹೆಂಚು ಇಡಬೇಡಿ, ನಿಮ್ಮ ಅಪ್ಪ
ಹೆಂಚಿನ ಕಾರ್ಖಾನೆಯ ಮೇಸ್ತ್ರಿ ಆದರೂ ಅದು ಒಡೆಯುತ್ತದೆ.
ನಾಲ್ಕು ಹೆಬ್ಬಲಸಿನ ತುಂಡು ಕೊಟ್ಟಿದ್ದೇನೆ,
ನನ್ನ ಅಜ್ಜನ ದೋಣಿಯದ್ದು, ಉಪ್ಪು ಕುಡಿದು ಕಲ್ಲಾದದ್ದು.
ತಗ್ಗಿನ ಕಡೆಯ ಚಕ್ರವನ್ನು ಅದರ ಮೇಲೆ ಹತ್ತಿಸಿ.
ಮೂಲೆಯ ಕಾಲುಗಳು ಎತ್ತಲಿಕ್ಕಲ್ಲ, ಅಲುಗದಿರಲಿಕ್ಕೆ.

ಇಗೊಳ್ಳಿ, ರಸಮಟ್ಟ.
ಮೊದಲು ಅಡ್ಡಕ್ಕೆ ಇಡಿ, ಆಮೇಲೆ ಉದ್ದಕ್ಕೆ.
ಗುಳ್ಳೆ ನಡುವಿಗೆ ಬರುವ ತನಕ ಚಾ ಇಲ್ಲ.
ದೋಣಿಗೆ ಈ ಕೆಲಸ ಇರಲಿಲ್ಲ,
ನೀರು ತಾನೇ ಮಟ್ಟ ಮಾಡಿಕೊಳ್ಳುತ್ತಿತ್ತು.

ಗ್ಯಾಸಿನ ಪೈಪಿಗೆ ಸಾಬೂನಿನ ನೊರೆ ಹಚ್ಚಿ...

"ಇದರಲ್ಲಿ ನೀವು ಎಷ್ಟು ರಾತ್ರಿ ಮಲಗಿದ್ದೀರಿ?"
ಅಷ್ಟು ಹೊತ್ತು ಬರೆದುಕೊಳ್ಳುತ್ತಿದ್ದ ಜೆಸಿಂತ ಬಾಯಮ್ಮ
ಪೆನ್ನಿನ ಮುಚ್ಚಳ ಹಾಕಿ ಕೇಳಿದರು.

ನಾನು ರಸಮಟ್ಟ ಒರೆಸಿದೆ.
ನಾಳೆ ಬನ್ನಿ ಎಂದೆ.

ಆ ರಾತ್ರಿ ಶೆಡ್ಡಿನ ಹೊರಗೆ, ಮರಳಿನ ಮೇಲೆ ಮಲಗಿದೆ ಅದರೊಳಗೆ.
ಗುಳ್ಳೆ ನಡುವಿಗೇ ಇತ್ತು, ನಾಲ್ಕು ಸಲ ನೋಡಿದ್ದೆ.
ಅಳಿವೆ ಕಡೆಯಿಂದ ಬೋಟಿನ ಇಂಜಿನ್ನು ಕೇಳುತ್ತಿತ್ತು,
ಮಂಚ ಮಾತ್ರ ಅಲುಗುತ್ತಿರಲಿಲ್ಲ,
ಅದಕ್ಕೇ ನಿದ್ದೆ ಬರಲಿಲ್ಲ.
ಕನ್ನಡಕ ತೆಗೆದೆ.
ಇಡಲು ಜಾಗವೇ ಇಲ್ಲ.
ಕತ್ತಲಲ್ಲಿ ಕೈ ಗೋಡೆ ತಡಕಿತು, ಎಲ್ಲ ಕಡೆ
ನುಣ್ಣಗೆ ನನ್ನದೇ ಫೈಬರ್.

ಬೆಳಿಗ್ಗೆ ಮೊದಲ ಕಡವಿನಲ್ಲಿ ಬಾಯಮ್ಮ ಬಂದು ಇಳಿದಾಗ
ತಲೆಕಡೆಯಲ್ಲಿ ಒಂದು ಗೇಣು ಹಲಗೆ ಕೂರಿಸಿ
ಕೊನೆಯ ಸ್ಕ್ರೂ ತಿರುಗಿಸುತ್ತಿದ್ದೆ.
"ಒಂದು ರಾತ್ರಿ" ಎಂದೆ.
ಅವರು ಅದನ್ನೂ ಬರೆದುಕೊಂಡರು.