ಕೆಂಪು, ನೂರಕ್ಕೆ ನಾಲ್ಕು

ಮೂರನೆಯ ಸಲ ಬಂದ ಎಲೆಯುತೇರಿಯೊ,
ಎಡಗಾಲನ್ನು ಹಿಂದೆ ಬರುವ ಮಗುವಿನಂತೆ ಕಾಯುತ್ತ.
ಕೊಕಿಂಬೊ ಬಂದರಿನ ಮೇಲಿನ ಬೀದಿಯಲ್ಲಿ ನನ್ನ ಅಂಗಡಿ:
ಪಂಪು, ಉಪ್ಪಿನ ಚೀಲ, ದೀಪ.
ಸಮುದ್ರ ಎದುರಿಗೇ ಬಿದ್ದಿರುವ ಊರಲ್ಲಿ
ಸಮುದ್ರವನ್ನು ಚೀಲದಲ್ಲಿ ಮಾರುವವಳು ನಾನು, ಯಾಸ್ನಾ.

"ತೊಟ್ಟಿ ಎರಡೂವರೆ ಮೀಟರ್ ಉದ್ದ," ಎಂದ,
ಮೊದಲ ಸಲ ಹೇಳುವವನ ಹಾಗೆ.
"ಹವಳ ಇಲ್ಲ. ಕಲ್ಲು, ಮರಳು, ಮೀನು. ಅಷ್ಟೆ."

ಹವಳ ಇಲ್ಲದವನಿಗೆ ದುಬಾರಿ ದೀಪ ಮಾರುವುದು ಪಾಪ.
ಮಾರಿದ್ದೇನೆ, ಬೇರೆಯವರಿಗೆ.
ಹವಳಕ್ಕೆ ಬೆಳಕೇ ಅನ್ನ. ಮೀನಿಗೆ ಬೆಳಕು
ಬರೀ ಹೊತ್ತು: ಏಳುವ ಹೊತ್ತು, ಅಡಗುವ ಹೊತ್ತು.
ಹೆಚ್ಚಾದದ್ದನ್ನೆಲ್ಲ ಉಣ್ಣುವುದು ಪಾಚಿ,
ಗಾಜು ಉಜ್ಜಿ ಉಜ್ಜಿ ಸವೆಯುವುದು ನಿನ್ನ ರಟ್ಟೆ,
ಹೀಗೆಲ್ಲ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಎಲ್‌ಇಡಿ ಪಟ್ಟಿ ಒಂದೊಂದೇ ಹಚ್ಚಿಸಿ
ಅಂಗೈ ಹಿಡಿದ ಕೆಳಗೆ.
ಆರೂವರೆ ಸಾವಿರ ಕೆಲ್ವಿನ್: "ಇದು ದೋಣಿಯ ಮೇಲೆ."
ಹತ್ತು ಸಾವಿರ: "ಇಲ್ಲಿಂದ ತಲೆಯೆತ್ತಿದರೆ ದೋಣಿಯ ತಳ ಕಾಣುತ್ತೆ."
ನೀಲಿ ಬೆರೆಸುತ್ತ ಹೋದೆ.
"ಇಳಿ," ಎಂದ. "ಇನ್ನೂ ಇಳಿ."
ಅಂಗೈಯ ಗೆರೆಗಳು ಬೂದಿಗೆ ತಿರುಗಿದಾಗ
"ನಿಲ್ಲು. ಹದಿನೆಂಟು ಮೀಟರ್. ಇಲ್ಲೇ."

ಮೂವತ್ತು ವರ್ಷ ಗಾಳಿಯ ಕೊಳವೆ ಕಚ್ಚಿ
ಕಡಲ ತಳದಲ್ಲಿ ಚಿಪ್ಪು ಕಿತ್ತವನು.
ಅಲ್ಲೊಮ್ಮೆ ಕೈ ಕೊಯ್ದುಕೊಂಡನಂತೆ:
"ರಕ್ತ ಹಸಿರು ಬಂತು, ಹುಡುಗೀ.
ಹೆದರಿಕೆಯಾಗಲಿಲ್ಲ. ನನ್ನದಲ್ಲ ಅನ್ನಿಸಿತು.
ಮೇಲೆ ಬಂದ ಮೇಲೆ ಕೆಂಪಾಯಿತು, ಆಗ ನೋಯಿತು."
ಇನ್ನೊಂದು ದಿನ ಬೇಗ ಮೇಲೆ ಬಂದ.
ಕಾಲು ಅಲ್ಲೇ ಉಳಿಯಿತು.

ಕೂರಿಸಿಕೊಟ್ಟು ಬಂದೆ. ವಾರ ತುಂಬಲಿಲ್ಲ, ನೋಲ್ಫಾಳ ಫೋನು:
"ಹದಿನಾಲ್ಕು ತಿಂಗಳು ಹೊಲಿಗೆ ಹಾಕಿ ಕೊಂಡ ಮೀನು ಅದು,
ಬಿಸಿನೀರಿನ ಯಾವುದೋ ಕಡಲಿನದು,
ಕೊಂಡಾಗ ದಾಳಿಂಬೆ ಕಾಳಿನ ಕೆಂಪು.
ಇವನ ದೀಪದಡಿ ಇದ್ದಿಲ ತುಂಡು.
ಕತ್ತಲನ್ನೂ ದುಡ್ಡು ಕೊಟ್ಟು ತರುತ್ತಾರೆಯೇ ಯಾರಾದರೂ?"

ಹೋದೆ. ಬಿಳಿಯನ್ನು ಪೂರ್ತಿ ಏರಿಸಿದೆ.
ಮರಳು ಹೊಳೆಯಿತು,
ಅಲೆಯ ಬಲೆ ಗೋಡೆಯ ಮೇಲೆಲ್ಲ ಹರಿದಾಡಿತು,
ಹಳದಿ ಮೀನು ನಿಂಬೆಹಣ್ಣಾಯಿತು.
ಕೆಂಪು ಮೀನು?
ದೊಡ್ಡ ಕಣ್ಣಿನ ಇರುಳುಜೀವಿ,
ಕಲ್ಲಿನ ಪೊಟರೆಯೊಳಗೆ ಬೆನ್ನು ತಿರುಗಿಸಿ ನಿಂತಿತು.
ಗಂಡಹೆಂಡಿರು ಗಾಜಿನ ಮುಂದೆ ಕುರ್ಚಿ ಎಳೆದು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.
ಕಾಣುವ ಬೆಳಕಲ್ಲಿ ಅದು ಬರುವುದಿಲ್ಲ,
ಬರುವ ಬೆಳಕಲ್ಲಿ ಅದು ಕಾಣುವುದಿಲ್ಲ.
ಈ ಮೂರನೆಯ ಗಿರಾಕಿಯನ್ನು
ನಾನು ಕೇಳಿಯೇ ಇರಲಿಲ್ಲ.

ಹೊಸದಾಗಿ ಹೊಂದಿಸಿದೆ. ಹಗಲಿಗೆ ಅರ್ಧ ಬಿಳಿ, ಸಾಕು.
ಆರಕ್ಕೆ ಸಂಜೆ,
ಫಕ್ಕನೆ ಆರುವ ಸಂಜೆಯಲ್ಲ, ಒಂದು ಗಂಟೆ ಹಿಡಿದು ಇಳಿಯುವುದು,
ಅದರ ನೀಲಿಯೊಳಗೆ ಕೆಂಪು, ನೂರಕ್ಕೆ ನಾಲ್ಕು.
ಆರೂ ನಲವತ್ತಕ್ಕೆ ಪೊಟರೆಯ ಬಾಯಲ್ಲಿ ಒಂದು ಕಣ್ಣು.
ಆಮೇಲೆ ಮೈ. ಕೆಂಪು ಎನ್ನಬಹುದಾದ ಕೆಂಪು.
ನೋಲ್ಫಾ ಉಸಿರು ಬಿಡಲಿಲ್ಲ.
"ಆರು ಮೀಟರ್," ಎಂದು ಗೊಣಗಿದ ಅವನು.

ಅಲ್ಲಿಗೆ ಮುಗಿಯಬೇಕಿತ್ತು.
ಈಗ ತಿಂಗಳಿಗೊಮ್ಮೆ ಕರೆ.
"ಯಂತ್ರ ಕೆಟ್ಟಿದೆ, ಕೆಂಪು ತಾನಾಗಿ ಒಂಬತ್ತಕ್ಕೆ ಏರುತ್ತೆ," ಅವನು.
"ತಾನಾಗಿ ಸೊನ್ನೆಗೆ ಬೀಳುತ್ತೆ," ಅವಳು,
ಬೇರೆ ದಿನ, ದನಿ ತಗ್ಗಿಸಿ.
ಹೋಗಿ ನೋಡಿದರೆ ಒಂದು ಗುಂಡಿಯ ಮೇಲೆ ಹೊಲಿಗೆಯ ಸೀಮೆಸುಣ್ಣ,
ಇನ್ನೊಂದರ ಮೇಲೆ ತಂಬಾಕಿನ ಬೆರಳು.
ಎರಡನ್ನೂ ಒರೆಸುತ್ತೇನೆ, ನಾಲ್ಕಕ್ಕೆ ತರುತ್ತೇನೆ,
ಇಬ್ಬರಿಗೂ ಒಂದೇ ಮಾತು ಹೇಳಿ ಬರುತ್ತೇನೆ:
ಈ ಬೀದಿಯ ಕರೆಂಟೇ ಸರಿಯಿಲ್ಲ.