ಒಳಕೋಣೆಯ ಮೇಜರ್

ಮದುವೆಯಾದ ಹನ್ನೊಂದನೇ ವರ್ಷ
ಎಮ್ರಿಸ್ ಅವನನ್ನು ಮನೆಗೆ ಕರೆತಂದ,
ಕೊನೆಯ ಟ್ರಿಪ್ಪಿನ ಖಾಲಿ ಬಸ್ಸಿನಲ್ಲಿ
ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿ:
ಒಂದು ಖಾಕಿ ಕೋಟು, ಒಳಗೆ ಯಾರೂ ಇಲ್ಲ.
ಹೆರೆಫರ್ಡಿನ ಹರಾಜಿನಲ್ಲಿ ಅರುವತ್ತು ಪೌಂಡು.
ಆ ತಿಂಗಳ ಬಾಡಿಗೆಗೆ
ಅಮ್ಮನ ಹೊಲಿಗೆ ಯಂತ್ರ ಹೋಯಿತು.

ಮೇಜರ್ ಇಡ್ವಲ್ ಪೆನ್ರಿ. ಸತ್ತು ಆಗಲೇ ಏಳು ವರ್ಷ.
ಮಕ್ಕಳಿಲ್ಲ. ತಂಗಿಯ ಮಗನೊಬ್ಬ ಎಲ್ಲವನ್ನೂ ಮಾರಿದ್ದ,
ಕುರಿ ಕೊಯ್ದು ಪಾಲು ಹಾಕಿದ ಹಾಗೆ.
ಪಾಲುಗಳನ್ನೆಲ್ಲ ಕೂಡಿಸಿ ಮತ್ತೆ ಕುರಿ ಮಾಡುತ್ತೇನೆಂದು
ಹೊರಟವನು ನನ್ನ ಗಂಡ,
ಬ್ರೆಕನ್ನಿನಿಂದ ಅಬರ್‌ಗವೆನ್ನಿಗೆ ದಿನಕ್ಕೆ ನಾಲ್ಕು ಸಲ
ಹೋಗಿ ಬರುವವನು. ಸೈನ್ಯ ಅವನನ್ನು
ಚಪ್ಪಟೆ ಪಾದವೆಂದು ಬಾಗಿಲಿಂದಲೇ ಕಳಿಸಿತ್ತು.

ಬೆಲ್ಟು ಲೀಡ್ಸಿನಿಂದ. ಟೋಪಿ ಯಾರೋ ನಾಟಕದವನ ಪೆಟ್ಟಿಗೆಯಿಂದ,
ಒಳಪಟ್ಟಿಗೆ ಮುಖದ ಬಣ್ಣ ಮೆತ್ತಿಕೊಂಡು.
ಗಡ್ಡದ ಬ್ರಷ್ಷು. ಬೂಟಿನ ಬಿಲ್ಲು, ಇನ್ನೂ ಎರಡು ಪೌಂಡು ಬಾಕಿ.
ಬೆಳ್ಳಿಯ ಶಿಲುಬೆ, ಬಿಳಿ ನೇರಳೆ ಬಿಳಿ ಪಟ್ಟಿಯದು,
ಅದೊಂದಕ್ಕೆ ಹದಿನಾಲ್ಕು ವರ್ಷ ಕಾದ;
ಕೆನಡಾದ ಹಲ್ಲಿನ ಡಾಕ್ಟರೊಬ್ಬ ಬಿಟ್ಟುಕೊಡಲೊಲ್ಲ.
ಕೊಟ್ಟಾಗ, ಸ್ಪೇನಿಗೆಂದು ಕೂಡಿಟ್ಟ ಹಣ
ಕೆನಡಾಕ್ಕೆ ಹೋಯಿತು.

ಎದುರು ಮನೆಯವಳ ಗಂಡನಿಗೆ ಲಾಂಡ್ರಿಯ ಹುಡುಗಿ.
ನನ್ನ ಸವತಿಗೆ ಮೀಸೆ, ನಲವತ್ತು ಇಂಚಿನ ಎದೆ.
ಅಳತೆಯೆಲ್ಲ ನನಗೆ ಬಾಯಿಪಾಠ:
ಮೊದಲ ಕೋಟಿನ ಸೊಂಟ ಮೂವತ್ತನಾಲ್ಕು,
ಯುದ್ಧ ಮುಗಿದ ಮೇಲೆ ಹೊಲಿಸಿದ್ದರದು ಮೂವತ್ತು.
ಮನುಷ್ಯ ಗೆದ್ದು ಬಂದು ಸಣ್ಣಗಾಗಿದ್ದ.
ಎಮ್ರಿಸ್ ಇದನ್ನು ಕಂಡಿರಲಿಲ್ಲ.
ಅವನು ಗುಂಡಿ ಎಣಿಸುತ್ತಿದ್ದ.

ಒಗೆಯಬಾರದು. ಇಸ್ತ್ರಿ ಕೂಡದು.
ಬರಿಗೈಯಲ್ಲಿ ಮುಟ್ಟಬಾರದು, ಬಿಳಿ ಕೈಚೀಲ ಹಾಕು.
ಉದುರಿದ ಗುಂಡಿಯನ್ನು ಹೊಲಿಯಬಾರದು, ಉದುರಿದ್ದೂ ಚರಿತ್ರೆ.
ನನ್ನ ಕೋಟಿನ ಗುಂಡಿ ಉದುರಿ ಎರಡು ಚಳಿಗಾಲವಾಗಿತ್ತು.

ಕೊನೆಗೆ ಬಂದದ್ದು ಒಂದು ನೋಟುಪುಸ್ತಕ,
ಬೇರೇನೋ ಕೊಂಡಾಗ ಕೊಸರಿಗೆಂದು ಹಾಕಿದ್ದು.
ಪದಕದ ಪತ್ರದಲ್ಲಿ ನಲವತ್ತಾರೇ ಮಾತು:
ಇಟಲಿ, ರಾತ್ರಿ, ಎದೆಮಟ್ಟ ನದಿ, ಜೀವದ ಹಂಗು ತೊರೆದು.
ನೋಟುಪುಸ್ತಕದಲ್ಲಿ ಆ ನದಿಯ ಇನ್ನೊಂದು ಲೆಕ್ಕ.
ಹತ್ತೊಂಬತ್ತು ಹೆಸರು, ಹತ್ತೊಂಬತ್ತು ತಾಯಂದಿರ ವಿಳಾಸ,
ಕಾಗದ ಬರೆದಾದ ಮೇಲೆ ಪಕ್ಕಕ್ಕೊಂದು ಪೆನ್ಸಿಲಿನ ಗೀಟು.
ಗೀಟು ಹದಿನೆಂಟು.
ಹೇಡನ್ ಪ್ರೊದರೋ, ಅಬರ್‌ಡೇರ್, ಹನ್ನೊಂದನೇ ನಂಬರು.
ಹಿಂದಿನ ಹಾಳೆಯಲ್ಲಿ "ಪ್ರಿಯ ಶ್ರೀಮತಿ ಪ್ರೊದರೋ" ಎಂದು ಮೂರು ಸಲ
ಬರೆದು, ಮೂರು ಸಲ ಹೊಡೆದು ಹಾಕಿದ್ದ.

ಶನಿವಾರ ಹೋದೆವು. ಯಾಕೆಂದು ನಾನು ಕೇಳಲಿಲ್ಲ.
ಹನ್ನೊಂದನೇ ನಂಬರು ಈಗ
ಉಗುರಿಗೆ ಬಣ್ಣ ಹಚ್ಚುವ ಅಂಗಡಿ.
ಟೋಪಿ ಕೈಯಲ್ಲಿ ಹಿಡಿದು ನಿಂತ ಮುದುಕನನ್ನು
"ಬುಕ್ ಮಾಡಿದ್ದೀರಾ?" ಎಂದಳು ಹುಡುಗಿ.
ಹೂಂ ಎಂದುಬಿಟ್ಟ.
ಏನು ಹೇಳಬೇಕೆಂದು ಹೊರಟಿದ್ದನೋ ಅದು ಗಂಟಲಲ್ಲೇ ಉಳಿದು
ಕೂತು ಎರಡೂ ಕೈ ಚಾಚಿದ.
ಮೂವತ್ತು ವರ್ಷದ ಡೀಸೆಲನ್ನು ಅವಳು
ಒಂದೊಂದೇ ಉಗುರಿನಿಂದ ಬಿಡಿಸಿ ತೆಗೆದಳು,
ತನ್ನ ಅಜ್ಜನ ಮಂಡಿನೋವಿನ ಕತೆ ಹೇಳುತ್ತ.

ಆ ರಾತ್ರಿ ಕೈಚೀಲ ಹಾಕಲಿಲ್ಲ.
ನೋಟುಪುಸ್ತಕ ತೆರೆದು, ಪೆನ್ಸಿಲು ಕೆತ್ತಿ,
ಬಹಳ ಹೊತ್ತು ಕೂತ. ಗೀಟು ಎಳೆಯಲಿಲ್ಲ.
ಬಂದು ನನ್ನ ಪಕ್ಕ ಮಲಗಿದಾಗ
ನುಸಿಗುಳಿಗೆಯ ಜೊತೆ ಬೇರೆ ವಾಸನೆಯಿತ್ತು,
ಗುಲಾಬಿಯದೋ ಏನೋ.

ಆಮೇಲೆ ಏನೂ ಕೊಳ್ಳಲಿಲ್ಲ ಎಂದರೆ ಸುಳ್ಳಾದೀತು.
ಮುಂದಿನ ತಿಂಗಳೇ ಒಂದು ಸೀಟಿ ಬಂತು.
ಊದಿದರೆ ಬರೀ ಗಾಳಿ,
ಒಳಗಿನ ಕಾಳು ಎಲ್ಲೋ ಬಿದ್ದುಹೋಗಿದೆ.
ಸೇರಿಸಬಾರದು, ಅದೂ ನಿಯಮ.
ಅವನು ಪಿಂಚಣಿಗೆಂದು ಹೋದಾಗ
ಅಡುಗೆಮನೆಯ ಡಬ್ಬಿಯಿಂದ ಒಂದು ಒಣ ಬಟಾಣಿ ಆರಿಸಿ
ಒಳಗೆ ತುರುಕಿದ್ದೇನೆ.
ಊದಿಲ್ಲ ಇನ್ನೂ.