ಬಾರಾಣೆ ಕಪ್ಪಿ

ಫಾರ್ಮಿನ್ಯಾಗ ಮೂರ ಮನಿ ಖಾಲಿ ಅದಾವ.
ಮಲಪ್ರಭಾ ಪೆನ್ನಿನ ಟೊಪ್ಪಿಗಿ ಕಡಕೋತ ಕುಂತಾಳ.
ನಾಳೆ ನಾಕರೊಳಗ ಕೌಂಟರಿಗೆ ಕೊಡಬೇಕು.
ಅವರವ್ವ ಅಂತಾಳ, ನರ್ಸಿಂಗ್ ಮಾಡಲಿ, ಪಗಾರ ಐತಿ.
ಸೋದರಮಾವ ನವಲೂರಿಂದ ಫೋನ್ ಹಚ್ಚಿದ್ದ:
ಹುಳಾ ಹುಪ್ಪಡಿ ಓದಿ ಏನ ಮಾಡತೈತಿ ಹುಡುಗಿ,
ಬಿ.ಕಾಂ. ಹಚ್ರಿ, ಸುಮ್ಮ.

ನಾ ಏನೂ ಅಂದಿಲ್ಲ.
ಏನನ್ಲಿ?
ಇಪ್ಪತ್ತೊಂಬತ್ತ ವರ್ಷ ಆ ಶಾಸ್ತ್ರದ ಕಸಾ ಹೊಡದೀನಿ,
ಝೂವಾಲಜಿ ಲ್ಯಾಬಿನ ಅಟೆಂಡರ್, ದ್ಯಾಮಣ್ಣ ಬಾರಕೇರ.
ಮೇಣದ ಟ್ರೇ ತೊಳದೀನಿ,
ಗುಂಡಸೂಜಿ ಎಣಿಸಿ ಡಬ್ಬಿಗೆ ಹಾಕೀನಿ,
ಫಾರ್ಮಲಿನ್ ವಾಸನಿಗೆ
ಹಬ್ಬದ ಹೋಳಿಗಿ ಸೈತ ರುಚಿ ಹತ್ತಿಲ್ಲ.
ಮತ್ತ ಕಪ್ಪಿ.
ಕಪ್ಪಿ ಹಿಡದೀನಿ.

ಮಿರಗದ ಮಳಿ ಬಿದ್ದ ರಾತ್ರಿ ಕೆಲಗೇರಿ ಕೆರಿ ದಂಡಿಗೆ
ಹೆಗಲಿಗೆ ಗೋಣಿಚೀಲ, ಕೈಯಾಗ ಮೂರ ಸೆಲ್ಲಿನ ಬ್ಯಾಟರಿ.
ಬೆಳಕ ಕಣ್ಣಿಗೆ ಬಿತ್ತಂದ್ರ ಕಪ್ಪಿ ಅಲುಗೂದಿಲ್ಲ,
ತೋಂಡಿ ಪರೀಕ್ಷಾದಾಗ ಉತ್ತರ ಮರತ ಹುಡುಗರಂಗ
ಗಂಟಲಷ್ಟ ಬಡಕೊಳ್ಳತೈತಿ.
ದೊಡ್ಡದಕ್ಕ ಎರಡ ರೂಪಾಯಿ, ಸಣ್ಣದಕ್ಕ ಬಾರಾಣೆ.
ಆಫೀಸಿನವರು ರೊಕ್ಕಾ ಕೊಡೂದ ತಡಾ ಮಾಡತಿದ್ರು,
ಅದಕ್ಕ ಬರದ ಇಡತಿದ್ದೆ.

ಆಮ್ಯಾಲೆ ಕಾಗದ ಬಂತು, ಕೊಯ್ಯೂದ ನಿಂತಿತು.
ಈಗ ಹುಡುಗರು ಕಂಪ್ಯೂಟರಿನ್ಯಾಗ ಕೊಯ್ತಾರ.
ಬಟನ್ ಒತ್ತಿದ್ರ ಕಪ್ಪಿ ಮತ್ತ ಎದ್ದ ಕುಂಡರತೈತಿ.
ನನಗ ಸಮಾಧಾನಾತು. ಯಾಕಂತ ಯಾರೂ ಕೇಳಲಿಲ್ಲ.

ನಿನ್ನೆ ಟ್ರಂಕಿನ್ಯಾಗ ಜಾತಿ ದಾಖಲೆ ಹುಡಕಲಿಕ್ಕೆ ಹೋಗಿ
ಮಗಳು ಆ ವಹಿ ತಗದಳು.
ಕೆಂಪ ಬಟ್ಟಿ ರಟ್ಟಿನ ಉದ್ದನ್ನ ವಹಿ.
ಎದಿ ಧಸಕ್ಕಂತು. ಕೊಂದ ಲೆಕ್ಕ ಅದು.
ಪುಟ ಪುಟಕ್ಕ ನನ್ನ ಅಕ್ಷರ:
ಕೋಳಿಕೆರಿ, ೧೪, ಜಿಟಿಜಿಟಿ ಮಳಿ.
ಕೆಲಗೇರಿ, ೪೦, ಗುಡುಗು. ಬಾಕಿ ೬೫ ರೂ.
ಸೈದಾಪುರ ಹೊಲದ ತಗ್ಗು, ೩, ಬರೇ ಬಾರಾಣೆದ್ದು.

ಬೈತಾಳಂತ ಕಾದೆ.
ಆಕಿ ಬೊಟ್ಟ ಇಟಗೋತ, ಸಾಲ ಸಾಲ ಇಳದಳು.
‘ಅಪ್ಪಾ, ಹದಿನೆಂಟ ವರ್ಷದ್ದೈತಿ ಇದು.
ತಾರೀಖ ಐತಿ. ಜಾಗಾ ಐತಿ. ಮಳಿ ಸೈತ ಬರದಿ.
ಈ ಊರಾಗ ಹಿಂಗ ಇನ್ಯಾರ ಬರದಿಟ್ಟಾರ?’
ನಾ ಬರದದ್ದು ಬಾಕಿ ವಸೂಲಿಗೆ, ಅಂತ ಹ್ಯಾಂಗ ಹೇಳಲಿ.
ಒಂದ ಪುಟಕ್ಕ ನಿಂತಳು.
‘ಈ ಆಷಾಢಕ್ಕ ಸೊನ್ನಿ ಯಾಕ?
ಆ ವರ್ಷ ಕಪ್ಪಿ ಇರಲಿಲ್ಲೇನು?’

ಇದ್ವು. ಕೆರಿ ತುಂಬ ಒದರತಿದ್ವಂತ.
ಸಿವಿಲ್ ಆಸ್ಪತ್ರ್ಯಾಗ ನೀನು
ಕಾಜಿನ ಪೆಟ್ಟಿಗ್ಯಾಗ, ನೀಲಿ ದೀಪದ ಬುಡಕ,
ಅರಿಷಿಣದ ಕೊನಿಯಂಗ ಮಲಗಿದ್ದಿ. ಕಣ್ಣಿಗೆ ಪಟ್ಟಿ.
ನಿನ್ನ ಗಂಟಲ ಬಡಕೊಳ್ಳೂದ ನೋಡಕೋತ
ಐದ ರಾತ್ರಿ ಕುಂತಿದ್ದೆ.
ಆ ತಿಂಗಳ ಮತ್ತ ಚೀಲ ಹೆಗಲಿಗೆ ಏರಲಿಲ್ಲ.

ಇಷ್ಟೆಲ್ಲಾ ಹೇಳಲಿಲ್ಲ. ‘ಹೋಗಿರಲಿಲ್ಲವ್ವಾ’ ಅಂದೆ.
ಆಕಿ ಪೆನ್ಸಿಲ್ ತಗೊಂಡು
ಸೊನ್ನಿ ಮಗ್ಗಲಕ ಸಣ್ಣಗೆ ಬರದಳು:
ಹೋಗಿಲ್ಲ.

ಈಗ ಹೊರಗ ಒಂದ ಸವನ ಮಳಿ.
ಫಾರ್ಮಿನ ಮೂರೂ ಮನಿ ಹಂಗ ಅದಾವ.
ಅವರವ್ವ ಒಳಗ ಭಾಂಡೆ ಕುಕ್ಕತಾಳ.
ಕ್ವಾರ್ಟರ್ಸ್ ಹಿಂದಿನ ಗಟಾರದಾಗ
ಏನೋ ಒಂದ ಟ್ರಿಕ್ ಟ್ರಿಕ್ ಅಂತು.
ಒಂದ. ಮತ್ತ ಸುಮ್ಮಾತು.
ಆಕಿ ತಲಿ ಎತ್ತಿದಳು: ‘ಅದ್ಯಾವದಪ್ಪಾ?’

ಹೆಸರ ನನಗೇನ ಗೊತ್ತು.
ಲ್ಯಾಬಿನ್ಯಾಗ ಎಲ್ಲಾದಕ್ಕೂ ಎರಡೆರಡ ಶಬ್ದದ ಹೆಸರು,
ನನ್ನ ನಾಲಿಗಿ ಹೊರಳಲಿಲ್ಲ.
‘ಎರಡ ರೂಪಾಯಿದ್ದಲ್ಲ’ ಅಂದೆ. ‘ಬಾರಾಣೆದ್ದು.’

ನಕ್ಕಳು. ಪೆನ್ನಿನ ಟೊಪ್ಪಿಗಿ ತಗದಳು.
ಫಾರ್ಮಿಗೆ ಹಚ್ಚತಾಳಂತ ಮಾಡಿದ್ದೆ.
ವಹಿ ಜಗ್ಗಿಕೊಂಡು, ಕಡೀ ಪುಟಕ್ಕ ಹೋಗಿ,
ನನ್ನ ಸಾಲಿನ ಕೆಳಗ ಇವತ್ತಿನ ತಾರೀಖ ಹಾಕಿದಳು:
ಮನಿ ಹಿಂದಿನ ಗಟಾರ. ಕೇಳಿದ್ದು ೧.
ಹಿಡದಿಲ್ಲ.